ಮೂರು ಕ್ಯಾಮೆರಾ, ಒಂದು ಸೀರೆ

ನಾನು ವಿದ್ಯಾನಗರದ ಸ್ಟುಡಿಯೋ ಒಂದರಲ್ಲಿ ಮದುವೆ ಆಲ್ಬಮ್ ಜೋಡಿಸುತ್ತಿದ್ದಾಗ, ಪಕ್ಕದ ಕಂಪ್ಯೂಟರಿನಲ್ಲಿ ಫೋಟೋಗಳ ಬಣ್ಣ ಸರಿಮಾಡುವವರೊಬ್ಬರು ಕೂರುತ್ತಿದ್ದರು. ಮೂರು ಕ್ಯಾಮೆರಾದಲ್ಲಿ ತೆಗೆದರೆ ಒಂದೇ ಸೀರೆ ಮೂರು ಬಣ್ಣವಾಗಿ ಬರುತ್ತದೆ. ಅದನ್ನು ಮತ್ತೆ ಒಂದು ಮಾಡುವುದು ಅವರ ಕೆಲಸ. ಮದುವೆ ಮನೆಯವರಿಂದ ಧಾರೆ ಸೀರೆಯನ್ನೇ ತರಿಸಿಕೊಂಡು, ಕೈ ತೊಳೆದು ಒರೆಸಿಕೊಂಡು, ಸೆರಗಿನ ತುದಿಯನ್ನು ಸ್ಕ್ರೀನಿನ ಪಕ್ಕ ಹಿಡಿದು ನೋಡುತ್ತಿದ್ದರು. "ಮೊದ್ಲು ಸೀರೆ ಸರಿಯಾಗ್ಲಿ ಮಾರಾಯ, ಮುಖ ತಾನಾಗೇ ಸರಿಹೋಗುತ್ತೆ" ಅನ್ನುವುದು ಅವರ ಮಾತು. ಅವರನ್ನು ಯಾರಾದರೂ ಮದುವೆ ಊಟಕ್ಕೆ ಕರೆದದ್ದನ್ನು ನಾನು ಕಾಣೆ.

ಒಂದು ಸಂಜೆ ಇಬ್ಬರೂ ಭದ್ರಾವತಿ ಬಸ್ಸಿನಲ್ಲಿದ್ದೆವು. ಮಾಚೇನಹಳ್ಳಿಯಲ್ಲಿ ಹತ್ತಿದ ಹೆಂಗಸೊಬ್ಬಳನ್ನು ಕಂಡದ್ದೇ ಅವರ ಮುಖ ಅರಳಿತು. ಎದ್ದು ಸೀಟು ಬಿಟ್ಟುಕೊಟ್ಟು, "ಚೆನ್ನಾಗಿದ್ದೀರಾ? ನಿಮ್ಮಜ್ಜಿ ಹೇಗಿದ್ದಾರೆ? ಧಾರೆ ಹೊತ್ತಲ್ಲಿ ತುಂಬಾ ಅತ್ತುಬಿಟ್ರು ಪಾಪ" ಅಂದರು.

ಆಕೆ ಬೆಚ್ಚಿಬಿದ್ದಳು. ಬ್ಯಾಗನ್ನು ಎದೆಗವಚಿಕೊಂಡು, "ಯಾರ್ರೀ ನೀವು?" ಅಂದಳು.

ಬಸ್ಸೆಲ್ಲ ತಿರುಗಿ ನೋಡಿತು. ಅವರು ಕಂಬಿ ಹಿಡಿದುಕೊಂಡು ಹಿಂದಕ್ಕೆ ಹೋಗಿ ನಿಂತರು. ನಾನಾದರೂ ಇವರು ನಮ್ಮ ಸ್ಟುಡಿಯೋದವರು ಅಂತ ಹೇಳಬಹುದಿತ್ತು. ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ.

ಭದ್ರಾವತಿಯಲ್ಲಿ ಇಳಿದ ಮೇಲೆ, "ಪರಿಚಯದೋರಾ ಸಾರ್?" ಅಂತ ಕೇಳಿದೆ.

"ನಾಲ್ಕು ದಿನ ಅವರ ಮದುವೇಲೇ ಇದ್ದೆ ಮಾರಾಯ" ಅಂದರು. "ಅವರಿಗೆ ಗೊತ್ತಿಲ್ಲ, ಅಷ್ಟೇ."