ಕಿವಿಯಲ್ಲೇ ಗಜ ಅಳೆಯುತ್ತಿದ್ದ ದಿಲಾವರ

ಬೆಳಗಿನ ಐದೂಮುಕ್ಕಾಲು. ಬ್ಯಾಡಗಿಯ ಖಾರಪುಡಿ ಗಿರಣಿಯೊಂದರ ಹಿತ್ತಲಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಎರಡು ಕಬ್ಬಿಣದ ಕಂಬಗಳ ನಡುವೆ ನೈಲಾನ್ ಬಲೆ, ಅದರ ಹಿಂದೆ ಒಂದರ ಮೇಲೊಂದು ಹೊಲಿದ ಮೆಣಸಿನಕಾಯಿ ಚೀಲಗಳು. ಐವತ್ತೇಳರ ದಿಲಾವರ ಮೊಣಕಾಲು ಹಿಡಿದುಕೊಂಡು ಬಗ್ಗಿ, ಹಸಿರು ಚಾಪೆಯ ತುಂಡಿನ ಮೇಲೆ ಬಿಳಿ ಚೆಂಡೊಂದನ್ನು ಇಟ್ಟು ಹಿಂದೆ ಸರಿಯುತ್ತಾರೆ. ಮಗಳು ಅಲ್ಮಾಸ ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು ಗಾಲ್ಫ್ ಕೋಲು ಬೀಸುತ್ತಾಳೆ. ಚೆಂಡು ಹತ್ತಡಿ ಹಾರಿ ಬಲೆಗೆ ಬಡಿದು ಕೆಳಗೆ ಬೀಳುತ್ತದೆ.

ಅವಳ ಬೆನ್ನ ಹಿಂದೆ, ಏಳಡಿ ದೂರದಲ್ಲಿ, ಇಟ್ಟಿಗೆಯ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಯಂತ್ರವೊಂದು ಕೂತಿದೆ. ಬಲೆ ಇಲ್ಲದೇ ಹೋಗಿದ್ದರೆ ಆ ಚೆಂಡು ಎಷ್ಟು ದೂರ ಹೋಗಿ ಬೀಳುತ್ತಿತ್ತು ಎಂಬುದನ್ನು ಅದು ಲೆಕ್ಕ ಹಾಕಿ ತೋರಿಸುತ್ತದೆ. ಲಾಂಚ್ ಮಾನಿಟರ್ ಅಂತ ಅದರ ಹೆಸರು. ದಿಲಾವರ ಬಗ್ಗಿ ಅಂಕಿ ಓದುತ್ತಾರೆ.

"ನೂರಾ ಇಪ್ಪತ್ತಾರು!"

ಆಚೆ ಓಣಿಯವರು ಎದ್ದು ಕೂರಬೇಕು, ಅಷ್ಟು ಜೋರು. ಅಲ್ಮಾಸ ಅಂಗೈ ಕೆಳಗೆ ಮಾಡಿ "ಸಾವಕಾಶ, ಅಬ್ಬಾ" ಎಂದು ಸನ್ನೆ ಮಾಡುತ್ತಾಳೆ. ಅವರು ತಲೆಯಾಡಿಸಿ ಇನ್ನೊಂದು ಚೆಂಡು ಇಡುತ್ತಾರೆ. ಹೀಗೆ ದಿನಕ್ಕೆ ನೂರು ಚೆಂಡು, ಅಂದರೆ ನೂರು ಸಲ ಬಗ್ಗಿ ನೂರು ಸಲ ಏಳಬೇಕು. ಒಂದು ಕಾಲಕ್ಕೆ ಈ ಮನುಷ್ಯನಿಗೆ ಯಾವ ಯಂತ್ರವೂ ಬೇಕಿರಲಿಲ್ಲ.

ಬ್ಯಾಡಗಿಯಲ್ಲಿ ಗಾಲ್ಫ್ ಎಲ್ಲಿಂದ ಬಂತು ಎಂದು ನಗಬೇಡಿ. ಅದು ದಿಲಾವರರ ಹೆಗಲ ಮೇಲೆ ಬಂತು. ಹದಿನಾರು ದಾಟುವ ಮೊದಲೇ ಬೆಂಗಳೂರಿನ ರೈಲು ಹತ್ತಿದ ಅವರು ಅದೂ ಇದೂ ಕೂಲಿ ಮಾಡಿ, ಕೊನೆಗೆ ಅಲ್ಲಿನ ಗಾಲ್ಫ್ ಮೈದಾನವೊಂದರಲ್ಲಿ ಕ್ಯಾಡಿಯಾದರು. ಕ್ಯಾಡಿ ಎಂದರೆ ಆಟಗಾರನ ಕೋಲುಗಳ ಚೀಲ ಹೊತ್ತು ಅವನ ಜೊತೆ ಮೈದಾನವೆಲ್ಲ ನಡೆದು, ಹೊಡೆದ ಚೆಂಡನ್ನು ಹುಡುಕಿಕೊಡುವವನು. ಹಾಗೆ ಇಪ್ಪತ್ತೆರಡು ವರ್ಷ ನಡೆದರು.

"ಒಂದ್ ಸುತ್ತಿಗೆ ಏಳು ಕಿಲೋಮೀಟರ್ ಆಗತಿತ್ರಿ. ದಿನಾ ಎರಡು ಸುತ್ತು. ಹೆಗಲ ಮ್ಯಾಲೆ ಹದಿನೈದು ಕಿಲೋ ಚೀಲ," ಎನ್ನುತ್ತಾರೆ. "ಸಾಹೇಬ್ರು ಹೊಡದ ಕೂಡ್ಲೆ ನನ್ನ ಮಾರಿ ನೋಡತಿದ್ರು, 'ದಿಲಾವರ, ಎಷ್ಟು?' ಅಂತ. ಚೆಂಡು ಬೀಳೂಕಿಂತ ಮೊದಲ ಹೇಳತಿದ್ದೆ, ಇಷ್ಟ್ ಗಜ ಅಂತ. ಹೆಚ್ಚು ಕಮ್ಮಿ ಅಂದ್ರ ಮೂರು ಗಜ."

ಹೇಗೆ ಎಂದರೆ ಕಿವಿ ಮುಟ್ಟಿಕೊಳ್ಳುತ್ತಾರೆ. "ಕೋಲಿನ ನಟ್ಟನಡುವ ಬಡದ್ರ 'ಧಪ್' ಅಂತೈತ್ರಿ, ಗಟ್ಟಿ ಸಪ್ಪಳ. ಅಂಚಿಗೆ ಬಡದ್ರ ಅದರ ಸಂಗಾಟ 'ಟಿಣ್' ಅಂತ ಒಂದು ಸಣ್ಣ ಸಪ್ಪಳ ಕೂಡಿರತೈತಿ. ಎಲ್ಲಾ ಇರೂದು ಆ ಸಣ್ಣ ಸಪ್ಪಳದಾಗ. ಅದು ಕೇಳಿತಂದ್ರ ಮೂವತ್ತು-ಮೂವತ್ತೈದು ಗಜ ಕಳೀಬೇಕು."

ಒಂಬತ್ತು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟಿತು. ನಡೆಯಲಾರದ ಕ್ಯಾಡಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ವಯಸ್ಸಾಗಿ ಆಟ ಬಿಟ್ಟ ಸಾಹೇಬರೊಬ್ಬರು ತಮ್ಮ ಹಳೆಯ ಏಳು ಕೋಲುಗಳನ್ನು ಕೈಗಿತ್ತು ಬೀಳ್ಕೊಟ್ಟರು. ಹೆಂಡತಿ ಹಸೀನಾಬಿ, ಒಂಬತ್ತರ ಮಗಳು, ಏಳು ಕೋಲು, ಇಷ್ಟೇ ಆಸ್ತಿಯೊಂದಿಗೆ ದಿಲಾವರ ಊರಿಗೆ ಮರಳಿದರು. ಹಸೀನಾಬಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ಕೂತರು. ದಿಲಾವರರಿಗೆ ಗಿರಣಿಯಲ್ಲಿ ಕೆಲಸ ಸಿಕ್ಕಿತು, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಯಂತ್ರದ ಬಾಯಿಗೆ ಮೆಣಸಿನಕಾಯಿ ಸುರಿಯುವುದು. ಅಲ್ಲಿ ಪಕ್ಕದಲ್ಲಿ ನಿಂತವನ ಮಾತು ಕೇಳಬೇಕಾದರೆ ಅವನು ಕಿವಿಯಲ್ಲಿ ಬಾಯಿಟ್ಟು ಕೂಗಬೇಕು. ಘಾಟಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕೆಂದು ಎಲ್ಲರಿಗೂ ಗೊತ್ತು. ಕಿವಿಗೂ ಏನಾದರೂ ತುರುಕಿಕೋ ಎಂದು ಯಾರೂ ಹೇಳಲಿಲ್ಲ.

ಮಗಳು ಕೋಲು ಹಿಡಿದದ್ದು ಆಟಕ್ಕೆ. ಬಿಡದಿದ್ದದ್ದು ಹಟಕ್ಕೆ. ಹೆದ್ದಾರಿ ಪಕ್ಕದ ಖಾಲಿ ಜಾಗದಲ್ಲಿ ಹೊಡೆದ ಒಂದು ಚೆಂಡು ಲಾರಿಯ ಕನ್ನಡಿ ಒಡೆದ ಮೇಲೆ, ಗಿರಣಿ ಮಾಲೀಕರ ಕೈಕಾಲು ಹಿಡಿದು ಹಿತ್ತಲಲ್ಲಿ ಬಲೆ ಕಟ್ಟಿದರು. ಚೆಂಡು ಎಲ್ಲಿ ಬೀಳುತ್ತಿತ್ತು ಎಂದು ಕಣ್ಣು ಹೇಳುವ ಹಾಗಿಲ್ಲ, ಕಿವಿಯೇ ಹೇಳಬೇಕು. ದಿಲಾವರ ಕಣ್ಣು ಮುಚ್ಚಿ ನಿಂತು ಗಜ ಹೇಳುತ್ತಿದ್ದರು, ಮಗಳು ಅದನ್ನು ನಂಬಿ ಕೈ ತಿದ್ದಿಕೊಳ್ಳುತ್ತಿದ್ದಳು. "ಹೆತ್ತವರಿಗೆ ಹೆಗ್ಗಣ ಮುದ್ದು" ಎಂದು ಓಣಿಯವರು ಆಡಿಕೊಂಡರು. ಇವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಳೆದ ವರ್ಷ ಬೆಂಗಳೂರಿನ ಗಾಲ್ಫ್ ಶಾಲೆಯೊಂದು ಹುಡುಗಿಯರಿಗೆ ಪುಕ್ಕಟೆ ತರಬೇತಿ ಕೊಡುವುದಾಗಿ ಪ್ರಕಟಿಸಿತು. ಊಟ, ವಸತಿ ಎಲ್ಲವೂ ಅವರದೇ. ಆದರೆ ಹದಿನೆಂಟು ತುಂಬಿರಬಾರದು, ಏಳನೇ ನಂಬರಿನ ಕೋಲಿನಲ್ಲಿ ಚೆಂಡು ನೂರಾ ಮೂವತ್ತು ಗಜವಾದರೂ ಹೋಗಬೇಕು. ಅಲ್ಮಾಸಳಿಗೆ ಫೆಬ್ರುವರಿಗೆ ಹದಿನೆಂಟು, ಪರೀಕ್ಷೆ ಜನವರಿಯಲ್ಲಿ. ಅಂದರೆ ಅವಳಿಗಿದ್ದದ್ದು ಇದೊಂದೇ ಬಾರಿ. ದಿಲಾವರರ ಕಿವಿಯ ಪ್ರಕಾರ ಮಗಳು ನೂರಾ ನಲವತ್ತು ಹೊಡೆಯುತ್ತಿದ್ದಳು. ಆದರೆ ಅರ್ಜಿಯಲ್ಲಿ ಯಂತ್ರ ಅಳೆದ ಅಂಕಿಯನ್ನೇ ಬರೆಯಬೇಕಿತ್ತು. "ಅಬ್ಬಾನ ಕಿವಿ ಅಂತ ಬರಿಯಾಕ ಬರತೈತೇನು?" ಎಂದು ಮಗಳು ನಕ್ಕಿದ್ದಳು.

ಯಂತ್ರ ಆರಿಸಲು ಹದಿನೈದು ದಿನ ಹಿಡಿಯಿತು. ರಾಣೆಬೆನ್ನೂರಿನ ರೈಲು ನಿಲ್ದಾಣದ ಹತ್ತಿರ ಮೊಬೈಲು, ಕ್ಯಾಮೆರಾ ಮಾರುವ ಪ್ರೇಮಕುಮಾರ ಅಂಥದ್ದನ್ನು ಜನ್ಮದಲ್ಲಿ ಮಾರಿದವರಲ್ಲ. ಆದರೂ ಕೂತು ಹುಡುಕಿದರು. ಫೋನಿನ ಕ್ಯಾಮೆರಾದಲ್ಲೇ ಅಳೆಯುವ ಆ್ಯಪು ಎಲ್ಲಕ್ಕಿಂತ ಅಗ್ಗ. ನಸುಕಿನ ಬೆಳಕಿನಲ್ಲಿ ಅದಕ್ಕೆ ಚೆಂಡೇ ಕಾಣಲಿಲ್ಲ. ಚೆಂಡಿನ ಪಕ್ಕದಲ್ಲಿಟ್ಟು ಫೋಟೊ ತೆಗೆಯುವ ಯಂತ್ರ ಎಲ್ಲಕ್ಕಿಂತ ನಿಖರ, ಬೆಲೆ ಎರಡು ಲಕ್ಷದ ಮೇಲೆ. ಅಷ್ಟು ಹಣ ಇದ್ದಿದ್ದರೂ ಗಿರಣಿಯ ಖಾರದ ಧೂಳು ಅದರ ಗಾಜನ್ನು ವಾರದೊಳಗೆ ಮುಚ್ಚುತ್ತಿತ್ತು. ಉಳಿದದ್ದು ಹಿಂದೆ ಇಟ್ಟು ರೇಡಾರಿನಿಂದ ವೇಗ ಹಿಡಿಯುವಂಥದ್ದು. ಅದಕ್ಕೆ ಧೂಳಿನ ಹಂಗಿಲ್ಲ, ಹಿಂದೊಂದಿಷ್ಟು ಮುಂದೊಂದಿಷ್ಟು ಜಾಗ ಬೇಕು ಅಷ್ಟೆ. ಪ್ರೇಮಕುಮಾರ ಟೇಪು ಹಿಡಿದು ಬ್ಯಾಡಗಿಗೇ ಬಂದು ಹಿತ್ತಲು ಅಳೆದರು. ಹಸೀನಾಬಿ ತೊಟ್ಟು ಮುರಿದು ಕೂಡಿಟ್ಟ ಮೂವತ್ತು ಸಾವಿರ ಅದಕ್ಕೆ ಹೋಯಿತು.

ಮೊದಲ ದಿನ ಅಲ್ಮಾಸ ಹೊಡೆದಳು. ದಿಲಾವರ ಕಣ್ಣು ಮುಚ್ಚಿ "ನೂರಾ ನಲವತ್ತು, ಬರೋಬ್ಬರಿ!" ಎಂದರು. ಯಂತ್ರ ನೂರಾ ಐದು ಎಂದಿತು. ಮತ್ತೆ ಹೊಡೆದಳು, ನೂರಾ ಮೂರು. ಇಪ್ಪತ್ತು ಚೆಂಡು ಹೊಡೆದರೂ ಅಂಕಿ ನೂರಾ ಹತ್ತು ದಾಟಲಿಲ್ಲ.

"ಮಷೀನ್ ಸುಳ್ಳ ಹೇಳಾಕತ್ತೈತಿ," ಎಂದು ದಿಲಾವರ ಅದನ್ನು ಡಬ್ಬಿಗೆ ಹಾಕಿ ರಾಣೆಬೆನ್ನೂರಿಗೆ ಒಯ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಪ್ರೇಮಕುಮಾರರ ನಾಲಿಗೆ ತುದಿಗೆ ಬಂದಿರಬಹುದು, ಆದರೆ ಅವರು ಸಭ್ಯರು. "ಕಾಕಾ, ಬದಲಿ ತರಸ್ತೇನಿ, ಮೂರು ವಾರ ಆಗತೈತಿ," ಎಂದರು. ಬೆಲೆಬಾಳುವ ಆ ಮೂರು ವಾರ ಅಲ್ಮಾಸ ಮತ್ತೆ ಅಬ್ಬಾನ ಕಿವಿಯನ್ನೇ ನಂಬಿ ಹೊಡೆದಳು. ಬದಲಿ ಯಂತ್ರ ಬಂತು. ಅದೂ ನೂರಾ ನಾಲ್ಕು ಎಂದಿತು.

ಅದನ್ನೂ ಹಿಂದಕ್ಕೆ ಕೊಡಲು ಹೊರಟವರನ್ನು ತಡೆದದ್ದು ಹಸೀನಾಬಿ. ಬ್ಯಾಡಗಿಯಲ್ಲಿ ಕಾಯಿ ಚೆನ್ನಾಗಿ ಒಣಗಿದೆಯೋ ಇಲ್ಲವೋ ನೋಡಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಣಗಿದ್ದರೆ ಒಳಗಿನ ಬೀಜ ಗಲಗಲ ಎನ್ನುತ್ತದೆ. ಹಸೀನಾಬಿ ಬುಟ್ಟಿಯಿಂದ ಒಂದು ಕಾಯಿ ಆರಿಸಿ ಗಂಡನ ಕಿವಿಯ ಬಳಿ ಅಲ್ಲಾಡಿಸಿದರು.

"ಏನರ ಕೇಳಸ್ತೇನು?"

"ಏನ್ ಕೇಳಬೇಕು? ಹಸೀ ಕಾಯಿ ಹಿಡದಿ."

ಹಸೀನಾಬಿ ಅದನ್ನು ಮುರಿದರು. ಹಪ್ಪಳದ ಹಾಗೆ ಪುಡಿಪುಡಿಯಾಗಿ, ಬೀಜವೆಲ್ಲ ದಿಲಾವರರ ಅಂಗೈ ಮೇಲೆ ಉದುರಿತು. ಇನ್ನೊಂದು ಕಾಯಿ ಅಲ್ಲಾಡಿಸಿದರು, ಮತ್ತೊಂದು. ದಿಲಾವರ ಒಂದು ಕಿವಿ ಕೊಟ್ಟರು, ಆಮೇಲೆ ಇನ್ನೊಂದು ಕಿವಿ ಕೊಟ್ಟರು. ಯಾವುದರಲ್ಲೂ ಏನೂ ಕೇಳಲಿಲ್ಲ.

"ಎರಡು ವರ್ಷ ಆತು, ನಾ ಹೇಳಿದ್ದಕ್ಕ ಹೂಂ ಅಂತೀರಿ, ಕೆಲಸ ಬ್ಯಾರೇನ ಮಾಡತೀರಿ," ಎಂದು ಹಸೀನಾಬಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ನ ಮಾತಿಗೆ ಕಿಮ್ಮತ್ತಿಲ್ಲ ಅನ್ಕೊಂಡಿದ್ದೆ. ಕೇಳಸೂದ ಇಲ್ಲ ಅಂತ ತಿಳೀಲಿಲ್ಲ."

ಗಿರಣಿ ತಿಂದದ್ದು ಆ ಸಣ್ಣ ಸಪ್ಪಳವನ್ನೇ. ದಪ್ಪ ದನಿ ಕೇಳುತ್ತಿತ್ತು, ಸಣ್ಣ ದನಿ ಹೋಗಿತ್ತು. ಹೀಗಾಗಿ ಅಲ್ಮಾಸ ಅಂಚಿಗೆ ಹೊಡೆದರೂ ದಿಲಾವರರಿಗೆ ಬರೀ 'ಧಪ್' ಕೇಳುತ್ತಿತ್ತು. ಎರಡು ವರ್ಷ, ದಿನಕ್ಕೆ ನೂರು ಸಲ, ತಪ್ಪು ಹೊಡೆತಕ್ಕೆ ಅವರು "ಬರೋಬ್ಬರಿ" ಎಂದಿದ್ದರು. ಮಗಳ ಕೈ ಆ ತಪ್ಪನ್ನೇ ಸರಿಯೆಂದು ಕಲಿತುಕೊಂಡಿತ್ತು.

"ವೈರಿನೂ ಇಂಥಾದ್ದು ಮಾಡೂದಿಲ್ರಿ," ಎನ್ನುತ್ತಾರೆ ದಿಲಾವರ. "ನನ್ನ ಬಾಯಿಂದ ನನ್ನ ಮಗಳ ಕೈ ಕೆಡಿಸಿದೆ."

ಹಾವೇರಿಯ ವೈದ್ಯರು ಪರೀಕ್ಷಿಸಿ, ಹೋದ ಕಿವಿ ಬರುವುದಿಲ್ಲ, ಕಿವಿಗೆ ಯಂತ್ರ ಹಾಕಿಕೊಂಡರೆ ಅಷ್ಟಿಷ್ಟು ಅನುಕೂಲ ಎಂದರು. ಅದಕ್ಕೂ ಹೆಚ್ಚುಕಡಿಮೆ ಮೂವತ್ತು ಸಾವಿರವೇ. ಲಾಂಚ್ ಮಾನಿಟರನ್ನು ವಾರದೊಳಗೆ ಹಿಂದಕ್ಕೆ ತಂದರೆ ದುಡ್ಡು ವಾಪಸು ಕೊಡುತ್ತೇನೆ ಎಂದು ಪ್ರೇಮಕುಮಾರ ತಾವಾಗಿಯೇ ಹೇಳಿ ಕಳಿಸಿದರು. ಮನೆಯಲ್ಲಿ ಎರಡು ದಿನ ಜಗಳ. ಅಬ್ಬಾನ ಕಿವಿಗೆ ಹಾಕಿಸಿರಿ ಎಂದು ಅಲ್ಮಾಸ ಊಟ ಬಿಟ್ಟಳು. ದಿಲಾವರ ಜಗ್ಗಲಿಲ್ಲ.

"ನಂದೇನ್ರಿ, ಗಿರಣ್ಯಾಗ ಕೇಳೂದಾರ ಏನೈತಿ? ಆಕಿಗೆ ಖರೇ ಹೇಳಾವ್ರು ಒಬ್ರು ಬೇಕಾಗಿತ್ತು. ನನಗ ಆಗಲಿಲ್ಲ, ಮಷೀನರ ಹೇಳ್ಲಿ ಅಂದೆ."

ಪರೀಕ್ಷೆಗೆ ಉಳಿದದ್ದು ಐದು ವಾರ. ಎರಡು ವರ್ಷ ಕೂತ ರೂಢಿ ಐದು ವಾರದಲ್ಲಿ ಹೋದೀತೇ? ಯಂತ್ರದ ಅಂಕಿ ನೋಡಿ ನೋಡಿ ಅಲ್ಮಾಸ ನೂರಾ ಹದಿನೆಂಟರವರೆಗೆ ಬಂದಳು. ಅರ್ಜಿಯಲ್ಲಿ ಆ ಅಂಕಿಯನ್ನೇ ಬರೆದರು, ಒಂದು ಗಜವನ್ನೂ ಸೇರಿಸಲಿಲ್ಲ. ಶಾಲೆಯವರು ಆದರೂ ಕರೆದರು.

ಅಪ್ಪ ಮಗಳು ರೈಲಿನಲ್ಲಿ ಹೋದರು. ಪಾಲಕರಿಗೆ ಒಳಗೆ ಬಿಡುವುದಿಲ್ಲ ಎಂದರು. ಇಪ್ಪತ್ತೆರಡು ವರ್ಷ ಅಂಥ ಹುಲ್ಲಿನ ಮೇಲೆ ನಡೆದ ಮನುಷ್ಯ ಗೇಟಿನ ಹೊರಗೆ ಚಹಾದಂಗಡಿಯ ಬೆಂಚಿನ ಮೇಲೆ ಮೂರು ತಾಸು ಕೂತರು. ಒಳಗೆ ಹೊಡೆಯುವ ಸಪ್ಪಳ ಬೇರೆಯವರಿಗೆ ಕೇಳುತ್ತಿತ್ತೋ ಏನೋ, ಇವರಿಗೆ ಕೇಳಲಿಲ್ಲ. ಅಲ್ಮಾಸ ಹೊರಗೆ ಬಂದು ಇಲ್ಲವೆಂದು ತಲೆಯಾಡಿಸಿದಳು. ನೂರಾ ಇಪ್ಪತ್ತೊಂದು.

"ಯಾರು ಕಲಿಸಿದ್ದು ಅಂತ ಕೇಳಿದ್ರು," ಎನ್ನುತ್ತಾಳೆ ಅಲ್ಮಾಸ. "ನಮ್ಮ ಅಬ್ಬಾ ಅಂದೆ. ಪೂರಾ ಹೆಸರು ಬರಸಿದೆ."

ಅದಕ್ಕೆ ದಿಲಾವರರದು ಬೇರೆಯೇ ಮಾತು. "ಯಾರೂ ಕಲಿಸಿಲ್ಲ ಅಂತ ಹೇಳಿದ್ರ ನಡೀತಿತ್ತು. ನನ್ನ ಹೆಸರು ಹೇಳಿ ಬಂದಾಳ ನೋಡ್ರಿ, ಹುಚ್ಚಿ."

ಈಗ ಅಲ್ಮಾಸ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಹೋಗುತ್ತಾಳೆ. ಏಳೂವರೆಯ ಬಸ್ಸು. ಅದಕ್ಕೆ ಮುಂಚೆ ನೂರು ಚೆಂಡು ತಪ್ಪುವುದಿಲ್ಲ. ವಯಸ್ಸು ಮೀರಿದೆ, ಪರೀಕ್ಷೆ ಮುಗಿದಿದೆ, ಇನ್ನೂ ಯಾಕೆ ಎಂದರೆ ಅಪ್ಪನಿಗೆ ಕೇಳದಷ್ಟು ಮೆಲ್ಲಗೆ ಹೇಳುತ್ತಾಳೆ. "ಬಿಟ್ರ, ನನ್ನಿಂದ ಬಿಟ್ಟಳು ಅಂತ ಅಬ್ಬಾ ಕೊರಗತಾರ್ರಿ."

ಹಿತ್ತಲಿಗೆ ಬಿಸಿಲು ಇಳಿದಿದೆ. ನೂರನೆಯ ಚೆಂಡು. ಅಲ್ಮಾಸ ಹೊಡೆಯುತ್ತಾಳೆ. ದಿಲಾವರ ಯಂತ್ರದ ಮುಂದೆ ಬಗ್ಗಿದವರು ಏಳುವುದೇ ಇಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ನೋಡುತ್ತಾರೆ. ಮೊದಲ ಸಲ ಅವರು ಅಂಕಿಯನ್ನು ಕೂಗಿ ಹೇಳುವುದಿಲ್ಲ. ಮಗಳೇ ಬಂದು ನೋಡುತ್ತಾಳೆ. ನೂರಾ ಮೂವತ್ತೊಂದು. ಪರೀಕ್ಷೆ ಮುಗಿದು ಐದು ತಿಂಗಳಾಗಿದೆ.

ಯಾರೂ ಕುಣಿಯುವುದಿಲ್ಲ. ಅಲ್ಮಾಸ ಅಪ್ಪನ ಭುಜದ ಮೇಲೆ ಕೈಯಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಮನೆಗೆ ಓಡುತ್ತಾಳೆ. ದಿಲಾವರ ಚದುರಿದ ಚೆಂಡುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬುತ್ತಾರೆ. ನಿಮಗೇನು ಆಸೆ ಎಂದು ಕೇಳಿದರೆ ಪ್ರಶ್ನೆಯನ್ನು ಎರಡು ಸಲ ಕೂಗಬೇಕಾಗುತ್ತದೆ.

"ದೊಡ್ಡದೇನಿಲ್ರಿ. ಆಕಿ ಹೊಡದ ಚೆಂಡು ಹುಲ್ಲಿನ ಮ್ಯಾಲೆ ಬಿದ್ದಿದ್ದು ನಾ ಇನ್ನೂ ನೋಡಿಲ್ಲ. ಯಾರರ ಪುಣ್ಯಾತ್ಮರು ಒಂದಿನ ಖರೇ ಮೈದಾನದಾಗ ಬಿಡಬೇಕು. ಬಲೀ ಇರಬಾರದು. ಚೆಂಡು ಎಲ್ಲಿ ಬೀಳತೈತೋ ಅಲ್ಲೀತನಕ ನಾನ ನಡಕೊಂತ ಹೋಗಿ ತರತೇನಿ. ಮೊಣಕಾಲು ನೋವಾದ್ರ ಆಗ್ಲಿ. ಇಪ್ಪತ್ತೆರಡು ವರ್ಷ ಮಂದೀ ಚೆಂಡು ಆರಿಸೇನ್ರಿ, ನನ್ನ ಮಗಳದೊಂದು ಆರಸಬ್ಯಾಡೇನು?"