ಹಸಿರು ನೂಲಿನ ಬೀಡಿ

ಕಾಪುವಿನ ವೇದಾವತಿಗೆ ಇನ್ನೂ ಮಜೂರಿ ಬಾಕಿ ಇದೆ. ಅವಳು ಕಟ್ಟಿ ಕೊಟ್ಟ ಬೀಡಿಗಳಲ್ಲಿ ಬೀಡಿ ಕೊಳ್ಳುವ ಕಂಪೆನಿಯ ಬ್ರಾಂಚಿನವನು ‘ಸರಿಯಿಲ್ಲ’ ಎಂದು ಹೆಕ್ಕಿ ಬದಿಗೆ ಹಾಕಿದವುಗಳ ಮಜೂರಿ. ಹಾಗೆ ಹೆಕ್ಕಿದ್ದನ್ನು ಅವನು ಎಸೆಯುತ್ತಿರಲಿಲ್ಲ, ಅವಳಿಗೆ ವಾಪಸ್ ಕೊಡುತ್ತಲೂ ಇರಲಿಲ್ಲ. ತನ್ನ ಗೋಣಿಚೀಲಕ್ಕೆ ತುಂಬಿಕೊಳ್ಳುತ್ತಿದ್ದ. ಆ ದುಡ್ಡು ಇವತ್ತಿಗೂ ಬಂದಿಲ್ಲ. ಆದರೆ ಅದನ್ನು ಕೇಳಲಿಕ್ಕೆಂದು ಅವಳು ಒಂದು ದಿನ ಕಡಲ ಕರೆಯ ಮರಳಿನಲ್ಲಿ ನಡೆದಳಲ್ಲ, ಆ ನಡಿಗೆಯ ಫಲವನ್ನು ದೂರದ ಹೂಡೆಯ ಹೆಂಗಸರೂ ಉಂಡಿದ್ದಾರೆ.

ವೇದಾವತಿ ಹುಟ್ಟಿದ್ದು ಕಡಲಿನಿಂದ ದೂರದ ಅಜೆಕಾರಿನಲ್ಲಿ. ಗದ್ದೆಯ ಕೆಸರು ಗೊತ್ತು, ಕಡಲು ಗೊತ್ತಿಲ್ಲ. ಕಾಪುವಿಗೆ ಮದುವೆಯಾಗಿ ಬಂದು ಎಷ್ಟೋ ವರ್ಷವಾದರೂ ದೋಣಿ ಹತ್ತಿದವಳಲ್ಲ. ನೀರಿನ ಮೇಲೆ ಕೂತು ಹೋಗಲು ಹೆದರಿ, ಎಷ್ಟು ದೂರವಾದರೂ ಸುತ್ತು ಹಾಕಿ ನಡೆದೇ ಹೋಗುತ್ತಿದ್ದಳು. ಬೇರೆ ಯಾವುದಕ್ಕೂ, ಯಾರಿಗೂ ಹೆದರಿದ್ದನ್ನು ಕಂಡವರಿಲ್ಲ. ಗಂಡ ಕರುಣಾಕರನಿಗೆ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆಯ ಒಲೆ ಉರಿಯುತ್ತಿದ್ದದ್ದು ಅವಳ ಮಡಿಲಿನ ಮೊರದಿಂದ. ಅದರಲ್ಲಿ ಎಲೆ, ಹೊಗೆಸೊಪ್ಪು, ಕತ್ತರಿ ಮತ್ತು ಕಂಪೆನಿ ಗೊತ್ತುಮಾಡಿದ ಕೆಂಪು ನೂಲು.

ಜಗಳ ಹುಟ್ಟಿದ್ದು ಆ ನೂಲಿನಿಂದಲೇ. ಎಪ್ಪತ್ತೊಂಬತ್ತರ ಜನವರಿಯಲ್ಲಿ ನೆರೆಮನೆಯ ಬೀಪಾತುಮ್ಮನ ಕೆಂಪು ನೂಲು ಮುಗಿಯಿತು. ಮಗಳು ಶರೀಫಾಳ ಮದುವೆಯ ರವಿಕೆ ಹೊಲಿದು ಉಳಿದ ಹಸಿರು ನೂಲಿನಲ್ಲಿ ಆಕೆ ಬೀಡಿ ಕಟ್ಟಿದಳು. ಬ್ರಾಂಚಿನ ರಾಮದಾಸ ಇಡೀ ದಿನದ ಬೀಡಿಯನ್ನು ಬದಿಗೆ ಸರಿಸಿದ.

“ಹಾಗಾದ್ರೆ ವಾಪಸ್ ಕೊಡು ಮಾರಾಯ, ನೂಲು ಬಿಚ್ಚಿ ಬೇರೆ ಕಟ್ತೇನೆ,” ಎಂದಳು ಬೀಪಾತುಮ್ಮ.

“ಎಲೆ ಕಂಪೆನಿದು, ಹೊಗೆಸೊಪ್ಪು ಕಂಪೆನಿದು. ನಿಮ್ಗೆ ಎಂತಕ್ಕೆ ವಾಪಸ್?”

ಹಿಂದೆ ನಿಂತಿದ್ದ ವೇದಾವತಿ ಮುಂದೆ ಬಂದಳು. “ಕೊಡ್ಲಿಕ್ಕೆ ಆಗುದಿಲ್ವಾ? ಹಾಗಾದ್ರೆ ನಮ್ಮ ಕಣ್ಣೆದುರೇ ಮುರಿ. ಕೆಟ್ಟ ಬೀಡಿ ನಿನ್ನ ಚೀಲದಲ್ಲಿ ಎಂತ ಮಾಡ್ತದೆ?”

ರಾಮದಾಸ ಹಲ್ಲು ಕಿಸಿದ. “ಮಲ್ಪೆಯಲ್ಲಿ ಬ್ರಾಂಚಿನ ಧಣಿಗಳಿದ್ದಾರೆ, ಅವರ ಹತ್ರ ಹೋಗಿ ಹೇಳು. ಹೋದವರಿಗೆ ನಾಳೆಯಿಂದ ಎಲೆ ಇಲ್ಲ, ಗೊತ್ತಿರ್ಲಿ.”

ಎಲೆ ಇಲ್ಲವೆಂದರೆ ಕೆಲಸ ಇಲ್ಲ, ಗಂಜಿ ಇಲ್ಲ. ಹೋದರೆ ಗೆದ್ದೇ ಬರಬೇಕು. ಬೀಡಿ ಕೆಲಸದವರ ಸಂಘದವರು ಹೆದ್ದಾರಿಯಲ್ಲಿ ಮಲ್ಪೆಗೆ ಮೆರವಣಿಗೆ ಹೊರಡಿಸಲು ನೋಡಿದರು. ಪೊಲೀಸರು ಬೇಡವೆಂದು ಆಜ್ಞೆ ಹೊರಡಿಸಿದರು. ವೇದಾವತಿ ಸಂಘದ ಸಭೆಯಲ್ಲಿ ಎದ್ದು ನಿಂತು ಕೇಳಿದಳು: “ಹೆದ್ದಾರಿ ಸರ್ಕಾರದ್ದು, ಸರಿ. ಕಡಲ ಕರೆಯ ಹೊಯ್ಗೆ ಯಾರ ಅಪ್ಪಂದು?”

ಬೆಳಕು ಹರಿಯುವಾಗ ಕಾಪುವಿನ ದೀಪಸ್ತಂಭದ ಬುಡದಿಂದ ಹೊರಟವರು ಬೆರಳೆಣಿಕೆಯ ಹೆಂಗಸರು. ಅಲೆ ತೊಳೆದು ಗಟ್ಟಿಯಾದ ಹೊಯ್ಗೆಯ ಮೇಲೆ, ಚಪ್ಪಲಿ ಕೈಯಲ್ಲಿ, ಬಟ್ಟೆ ಸುತ್ತಿದ ಮೊರ ಕಂಕುಳಲ್ಲಿ. ಒಂದು ದಿನದ ಬೀಡಿ ಕೆಲಸ ಬಿಡಲು ಯಾರಿಗೂ ಧೈರ್ಯ ಇರಲಿಲ್ಲ. ದಣಿದು ಕೂತಲ್ಲೆಲ್ಲ ಮೊರ ಬಿಚ್ಚಿ ನಾಲ್ಕು ಎಲೆ ಸುತ್ತಿದರು. ಕೈಪುಂಜಾಲಿನಲ್ಲಿ ತೆಂಗಿನ ತೋಟದ ಒಳಗಿಂದ ಇನ್ನಷ್ಟು ಹೆಂಗಸರು ಇಳಿದು ಬಂದರು. ಕರಾವಳಿಯ ಯಾವ ಮನೆಯಲ್ಲಿ ಬೀಡಿ ಇಲ್ಲ, ಯಾವ ಬೀಡಿಯಲ್ಲಿ ಕಳ್ಳತನ ಇಲ್ಲ?

ಹಿಂದಿನಿಂದ ಕಾವಲಿಗೆ ಒಬ್ಬ ಪೊಲೀಸ್ ಪೇದೆ. ಅವನ ಸೈಕಲ್ ಹೊಯ್ಗೆಯಲ್ಲಿ ಹೂತು ಹೋಗುತ್ತಿತ್ತು. ಕೊನೆಗೆ ಅದನ್ನು ಹೆಗಲಿಗೇರಿಸಿ, ಬೂಟನ್ನು ಹ್ಯಾಂಡಲಿಗೆ ತೂಗುಹಾಕಿ ನಡೆದ.

“ಸೈಕಲಿಗೆ ಕಾಲು ನೋವಾ ಸ್ವಾಮಿ?” ಬೀಪಾತುಮ್ಮ ಕೇಳಿದಳು.

“ನೀವು ಎಲ್ಲಿಯಾದ್ರೂ ನಿಲ್ತೀರಾ ಇಲ್ವಾ?”

“ಮಟ್ಟುವಿನಲ್ಲಿ ಗಂಜಿ ಉಂಟು. ಬನ್ನಿ, ನಿಮ್ಗೂ ಒಂದು ಬಟ್ಟಲು ಇಡ್ತೇವೆ.”

ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವ ಮನೆಯೊಂದರ ಅಂಗಳದಲ್ಲಿ ಎಲ್ಲರೂ ಗಂಜಿ ಉಂಡರು, ಪೇದೆಯೂ ಉಂಡ. ಬಿಸಿಲು ಏರಿತು. ಪಿತ್ರೋಡಿ ದಾಟುವಾಗ ಹೊಯ್ಗೆ ಕಾದು ಅಂಗಾಲು ಸುಟ್ಟಿತು. ವೇದಾವತಿಯ ಹಿಮ್ಮಡಿ ಒಡೆದು ರಕ್ತ ಬಂತು. ಉಪ್ಪುನೀರಿಗೆ ಅದ್ದಿ, ಕೆಟ್ಟದೊಂದು ಬೈಗುಳ ಬೈದು ಮುಂದೆ ನಡೆದಳು. ಪಡುಕೆರೆಯ ತುದಿ ಮುಟ್ಟುವಾಗ ಹಿಂತಿರುಗಿ ನೋಡಿದರೆ ಬಾಲ ಕಾಣದಷ್ಟು ಉದ್ದಕ್ಕೆ ಹೆಂಗಸರು.

ಎದುರಿಗೆ ಹೊಳೆ. ಆಚೆ ದಡದಲ್ಲಿ ಮಲ್ಪೆಯ ಬಂದರು, ಬೋಟುಗಳು. ನಡುವೆ ಸೇತುವೆ ಇಲ್ಲ, ಊರವರು ಗೌರವದಿಂದ ಪೊರ್ಬುಗಳೆನ್ನುವ ಜೋಕಿಮನ, ಹೊಳೆ ದಾಟಿಸುವ ಕಡವಿನ ದೋಣಿ ಮಾತ್ರ. ವೇದಾವತಿಯ ಕಾಲು ನೆಟ್ಟ ಹಾಗೆ ನಿಂತಿತು.

“ನೀವೆಲ್ಲ ಹೋಗಿ. ನಾನು ಸುತ್ತು ಹಾಕಿ ಉದ್ಯಾವರದ ಕಡೆಯಿಂದ ಬರ್ತೇನೆ.”

“ಸುತ್ತು ಹಾಕಿ ಬರುವಾಗ ಧಣಿ ಊಟ ಮಾಡಿ ಮಲಗಿರ್ತಾನೆ. ಹತ್ತು ಮಾರಾಯ್ತಿ!”

“ನನ್ನಿಂದ ಆಗುದಿಲ್ಲ ಬೀಪಾತುಮ್ಮ.”

ಜೋಕಿಮ್ ನಕ್ಕು ಕಿವಿಯ ಸಂದಿನಿಂದ ಬೀಡಿ ತೆಗೆದು ಕಚ್ಚಿದ. ಕಡ್ಡಿ ಗೀರಬೇಕು, ಅಷ್ಟರಲ್ಲಿ ಬೀಪಾತುಮ್ಮ ಸೊಂಟದವರೆಗೆ ನೀರಿಗಿಳಿದು ಅವನ ಬಾಯಿಯಿಂದಲೇ ಬೀಡಿ ಕಿತ್ತುಕೊಂಡಳು.

“ಇದು ನನ್ನ ಬೀಡಿ!”

ಬೀಡಿಗೆ ಹಸಿರು ನೂಲು. ಶರೀಫಾಳ ರವಿಕೆಯ ಹಸಿರು.

“ದುಡ್ಡು ಕೊಟ್ಟು ತಗೊಂಡದ್ದು ಬಾಯಮ್ಮ,” ಜೋಕಿಮ್ ತಬ್ಬಿಬ್ಬಾದ. “ಲೇಬಲ್ ಇಲ್ಲದ ಕಟ್ಟು ಧಣಿಗಳ ಗೋಡಾನಿನ ಹಿಂಬಾಗಿಲಲ್ಲಿ ಅರ್ಧ ಕ್ರಯಕ್ಕೆ ಸಿಗ್ತದೆ. ಬಂದರಿನವರೆಲ್ಲ ಅದನ್ನೇ ಸೇದುದು. ನೋಡಿ, ಇಡೀ ಕಟ್ಟು ಉಂಟು.”

ಆಮೇಲೆ ವೇದಾವತಿ ದೋಣಿ ಹತ್ತಿದ್ದು ಹೇಗೆಂದು ಅವಳಿಗೇ ಗೊತ್ತಿಲ್ಲ. ನಡುಹೊಳೆಯಲ್ಲಿ ಎಚ್ಚರವಾದಾಗ ಅವಳು ಆ ಕಟ್ಟನ್ನು ಎದೆಗೆ ಅವುಚಿಕೊಂಡು ದೋಣಿಯ ಮೂತಿಯಲ್ಲಿ ನಿಂತಿದ್ದಳು. “ಬೇಗ ಹುಟ್ಟು ಹಾಕಿ ಪೊರ್ಬುಗಳೇ!” ಎಂದು ಕಿರುಚುತ್ತಿದ್ದಳು. ದೋಣಿ ಮತ್ತೆ ಮತ್ತೆ ಹೋಗಿ ಎಲ್ಲರನ್ನೂ ದಾಟಿಸಿತು. ಕೊನೆಯ ಸಲ ಪೇದೆ ಮತ್ತು ಅವನ ಸೈಕಲ್.

ಧಣಿ ಉಮಾನಾಥ ಗೋಡಾನಿನ ಎದುರು ಆರಾಮ ಕುರ್ಚಿಯಲ್ಲಿದ್ದ. ಬೋಟುಗಳು ಬಂದ ಹೊತ್ತು; ಮೀನು ಹೊರುವವರು, ಐಸ್ ಒಡೆಯುವವರು ಸುತ್ತ ಗುಂಪುಕಟ್ಟಿದರು.

“ರಿಜೆಕ್ಟ್ ಬೀಡಿ ಕಸ. ಅದನ್ನು ನಾವು ಎಸೆಯುದು,” ಎಂದ ಧಣಿ.

ವೇದಾವತಿ ಕಟ್ಟು ಬಿಚ್ಚಿ ಹಸಿರು ನೂಲಿನ ಬೀಡಿಗಳನ್ನು ಅವನ ಮಡಿಲಿಗೆ ಸುರಿದಳು. “ಈ ಕಸ ಕಡವಿನವರ ಬಾಯಿಗೆ ಹೇಗೆ ಬಂತು?”

ಐಸ್ ಒಡೆಯುವವನೊಬ್ಬ ಕೂಗಿದ: “ಅಯ್ಯೋ, ನಾನೂ ಅದನ್ನೇ ಸೇದುದು! ಒಳ್ಳೆ ಬೀಡಿ ಅಕ್ಕ, ಎಂತ ತೊಂದರೆಯೂ ಇಲ್ಲ!”

ಬಂದರು ನಕ್ಕಿತು. ಧಣಿಯ ಮುಖ ಕೆಂಪಾಯಿತು. “ಅದು ರಾಮದಾಸನ ಕೆಲಸ ಇರಬೇಕು. ನಂಗೆ ಗೊತ್ತಿಲ್ಲ.”

“ಆಯ್ತು, ನಿಮ್ಗೆ ಗೊತ್ತಿಲ್ಲ. ಹಾಗಾದ್ರೆ ನಾವು ಮುರಿದ್ರೆ ನಿಮ್ಗೆ ನಷ್ಟ ಎಂತದು ಧಣಿಗಳೇ?”

ಧಣಿ ಮಡಿಲಿನ ಬೀಡಿ ಕೊಡವಿ ಎದ್ದ. ಹೆಂಗಸರು ಬೀಡಿ ತುಂಬಿ ಹೊರಡಲಿದ್ದ ಗೋಡಾನಿನ ಲಾರಿಗೆ ಅಡ್ಡ ಕೂತು, ಮೊರ ಬಿಚ್ಚಿ ಬೀಡಿ ಕಟ್ಟತೊಡಗಿದರು. ಲಾರಿಯ ಹಾರನ್ ಸೋತಿತು. ಸೂರ್ಯ ಕಡಲಿಗಿಳಿಯುವ ಮೊದಲೇ ಧಣಿ ಎಲ್ಲರ ಎದುರು ಒಪ್ಪಿದ: ಇನ್ನು ಮುಂದೆ ಹೆಕ್ಕಿದ ಬೀಡಿಯನ್ನು ಕಟ್ಟಿದವಳ ಕಣ್ಣೆದುರೇ ಮುರಿಯಬೇಕು, ಇಲ್ಲಿಗೆ ಬಂದ ಯಾರಿಗೂ ಎಲೆ ನಿಲ್ಲಿಸಬಾರದು. ಹಳೆಯ ಮಜೂರಿಯ ಮಾತಿಗೆ ಮಾತ್ರ “ನೋಡುವಾ” ಎಂದ.

ಗೋಡಾನಿನಲ್ಲಿದ್ದ ಹೆಕ್ಕಿದ ಬೀಡಿಯ ಚೀಲಗಳನ್ನು ಹೊರಗೆ ತಂದು ಸುರಿದರು. ಹೆಂಗಸರು ಮುಷ್ಟಿ ಮುಷ್ಟಿಯಾಗಿ ಮುರಿದರು. ಬೀಪಾತುಮ್ಮ ಹಸಿರಿನದ್ದೊಂದನ್ನು ಮಾತ್ರ ಸೆರಗಿಗೆ ಕಟ್ಟಿಕೊಂಡಳು.

“ಬಸ್ಸಿನಲ್ಲಿ ಹೋಗುವಾ?” ಆಕೆ ಕೇಳಿದಳು.

“ಬಸ್ಸು ಯಾರಿಗೆ ಬೇಕು? ಪೊರ್ಬುಗಳೇ, ದೋಣಿ ತನ್ನಿ,” ಎಂದಳು ವೇದಾವತಿ.

ಮರುದಿನ ರಾಮದಾಸ ಎಲೆ ತೂಗಿ ಕೊಟ್ಟ. ಹೆಕ್ಕಿದ ಬೀಡಿಯನ್ನು ತಲೆ ತಗ್ಗಿಸಿ, ತನ್ನ ಕೈಯಾರೆ ಮುರಿದ. ಆ ವರ್ಷವೇ ಹೂಡೆಯ ಬ್ರಾಂಚಿನಲ್ಲೂ ಅದೇ ನಿಯಮವಾಯಿತು, ಆಮೇಲೆ ಪರ್ಕಳದಲ್ಲೂ. ವೇದಾವತಿ ಕಣ್ಣು ಮಂಜಾಗುವವರೆಗೆ ಬೀಡಿ ಕಟ್ಟಿದಳು. ‘ನೋಡುವಾ’ ಎಂದ ಧಣಿ ಇನ್ನೂ ನೋಡುತ್ತಿದ್ದಾನೆ.

ನೀವು ನೋಡುತ್ತ ನಿಲ್ಲಬೇಡಿ. ನಿಮ್ಮ ಊರಿನಲ್ಲೂ ಬೀಡಿ ಬ್ರಾಂಚು ಇರಬಹುದು. ಹೋಗಿ ಹೆಂಗಸರ ಸಾಲಿನ ಪಕ್ಕ ನಿಲ್ಲಿ. ಹೆಕ್ಕಿದ ಬೀಡಿ ಚೀಲಕ್ಕೆ ಇಳಿಯುವುದು ಕಂಡರೆ ಬಾಯಿ ಮುಚ್ಚಿಕೊಂಡು ಮನೆಗೆ ಬರಬೇಡಿ. ಗಟ್ಟಿಯಾಗಿ ಹೇಳಿ: ಮುರಿ, ಇಲ್ಲವಾದರೆ ಮಜೂರಿ ಕೊಡು. ಹೇಳುತ್ತೀರೋ ಇಲ್ಲವೋ?