ಬೆಂಕಿಯಿಲ್ಲದೆ ಕುದಿದ ಕಾಢಾ

ಬೆಳಗಿನ ಆರು ಗಂಟೆ. ಮುನವಳ್ಳಿ ಹತ್ತಿರದ ಸಣ್ಣ ವೈನ್ ಕಾರ್ಖಾನೆಯಲ್ಲಿ ಐದು ಜನ ಹಿಂಡುವ ಯಂತ್ರ ತೊಳೆದಿಟ್ಟು ಕಾಯುತ್ತಿದ್ದಾರೆ. ಇಲ್ಲಿನ ಕೆಲಸಗಾರ್ತಿ ಸುಂದರವ್ವ ಏಣಿ ಹತ್ತಿ, ತೊಟ್ಟಿಯಲ್ಲಿ ತೇಲುವ ದ್ರಾಕ್ಷಿ ಸಿಪ್ಪೆಯನ್ನು ಮರದ ಹುಟ್ಟಿನಿಂದ ಒಳಕ್ಕೊತ್ತಿ, ಒಂದು ಸೌಟು ರಸ ಎತ್ತುತ್ತಾರೆ. ಕಣ್ಣು ಮುಚ್ಚಿ ಮುಕ್ಕಳಿಸಿ ಬಕೆಟ್ಟಿಗೆ ಉಗುಳುತ್ತಾರೆ.

"ತಡೀರಿ, ಬಾಯಾಗ ಇನ್ನೂ ಹಲ್ಲುಪುಡಿ ರುಚಿ ಐತಿ. ಬಿಸಲು ಏರಲಿ, ಇನ್ನೊಮ್ಮೆ ನೋಡತೇನಿ."

ಮಾಲೀಕ ಹಣಮಂತಪ್ಪ ಗಡಿಯಾರ ನೋಡಿಕೊಳ್ಳುತ್ತಾರೆ. ಸಿಪ್ಪೆಯನ್ನು ರಸದಲ್ಲಿ ನೆನೆಯಲು ಬಿಟ್ಟು ಇವತ್ತಿಗೆ ಹನ್ನೊಂದನೆಯ ದಿನ. ಸಿಪ್ಪೆ ಬೇಗ ತೆಗೆದರೆ ವೈನ್ ಸಪ್ಪೆ, ತಡವಾದರೆ ಕಹಿ. ಇಂಥ ತೊಟ್ಟಿ ವರ್ಷಕ್ಕೆ ಒಂದೇ. ಯಾವ ದಿನ ಹಿಂಡಬೇಕೆಂದು ಹೇಳುವ ಅಧಿಕಾರ ಈ ವರ್ಷ, 2008ರಲ್ಲಿ, ಮೊದಲ ಬಾರಿಗೆ ಸುಂದರವ್ವನ ಕೈಗೆ ಬಂದಿದೆ.

ಹಸಿರು ದ್ರಾಕ್ಷಿಯ ವೈನಿಗೆ ಎಲ್ಲರೂ ಸಿಪ್ಪೆ ತೆಗೆದು ಬರೀ ರಸ ಹುದುಗಲು ಇಡುತ್ತಾರೆ. ಇಲ್ಲಿ ತೆಗೆಯದಿರುವುದಕ್ಕೆ ಕಾರಣ ಒಂದು ಫೋನು. ನಾಲ್ಕು ವರ್ಷದ ಹಿಂದೆ ಹಣಮಂತಪ್ಪ ಮಗಳ ಮದುವೆಯ ಓಡಾಟದಲ್ಲಿ ಬೈಲಹೊಂಗಲದಲ್ಲಿದ್ದರು. ನಾಸಿಕದ ವೈನ್ ತಜ್ಞರು ಫೋನಿನಲ್ಲಿ ಮರಾಠಿಯಲ್ಲಿ ‘ಸಾಲ ಕಾಢಾ’ ಎಂದರು. ಸಿಪ್ಪೆ ತೆಗೆಯಿರಿ ಎಂದರ್ಥ. ಫೋನು ಎತ್ತಿದ ಸುಂದರವ್ವನಿಗೆ ‘ಸಾಲ’ ಎಂದರೆ ಸಿಪ್ಪೆ ಎಂದು ಗೊತ್ತಿತ್ತು. ‘ಕಾಢಾ’ ಎಂದರೆ ಮಾತ್ರ ಅವರಿಗೆ ಗೊತ್ತಿದ್ದದ್ದು ಕಷಾಯ.

"ನಮ್ಮವ್ವ ಹೊಟ್ಟಿನೋವಿಗೆ ದಾಳಿಂಬರಿ ಸಿಪ್ಪಿ ಕಾಢಾ ಮಾಡ್ತಿದ್ಳು. ಇದೂ ಹಂಗ ಅಂದ್ಕೊಂಡ್ನಿ. ಇಷ್ಟ ದೊಡ್ಡ ಟಾಕಿ ಕುದಿಸೂದು ಹೆಂಗ ಅಂತ ಚಿಂತಿ ಆತು. ಮರದಿನ ನೋಡಿದ್ರ, ಬೆಂಕಿ ಇಲ್ಲದ ತಾನ ಬುಳುಬುಳು ಕುದಿಯಾಕ ಹತ್ತಿತ್ರಿ!"

ದಿನಕ್ಕೆ ಮೂರು ಸಲದಂತೆ ಒಂಬತ್ತು ದಿನ ತಿರುವಿದರು. ಮದುವೆ ಮುಗಿಸಿ ಬಂದ ಹಣಮಂತಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತರು. ಬೆಳ್ಳಗಿರಬೇಕಾದ ವೈನು ಜೇನಿನ ಬಣ್ಣಕ್ಕೆ ತಿರುಗಿತ್ತು. "ನಾಳಿಂದ ಬರಬ್ಯಾಡ" ಎಂದರು. ಸುಂದರವ್ವ ಅಳುತ್ತಲೇ ಹುಟ್ಟು ತೊಳೆದಿಟ್ಟರು. ಚೆಲ್ಲುವ ಮೊದಲು ತಜ್ಞರು ಬಂದು ಒಂದು ಗುಟುಕು ಕುಡಿದರು. ಇನ್ನೊಂದು ಲೋಟ ಬಗ್ಗಿಸಿಕೊಂಡರು. ಸಂಜೆ ಹಣಮಂತಪ್ಪ ತಾವೇ ಸುಂದರವ್ವನ ಮನೆಗೆ ಹೋಗಿ ಮತ್ತೆ ಕೆಲಸಕ್ಕೆ ಕರೆದರು.

ಇದನ್ನೆಲ್ಲ ನೋಡಲು ಬಂದ ನನಗೂ ಒಂದು ಸೌಟು ಸಿಗುತ್ತದೆ. ಕಿತ್ತಳೆ ಸಿಪ್ಪೆಯ ವಾಸನೆ, ಒಣ ಬೋರೆಹಣ್ಣಿನ ಹುಳಿ, ಕೊನೆಗೆ ಹಾಲಿಲ್ಲದ ಚಹಾದ ಒಗರು. ರುಚಿಗೆ ಮರುಳಾಗಿ ನುಂಗಿಬಿಟ್ಟೆ.

"ನುಂಗಿದ್ರಿ! ಇವರನ್ನ ಬಸ್ಸಿನ ಮಟಾ ಬಿಟ್ಟ ಬರ್ರಿ ಯಾರರ" ಎಂದು ಸುಂದರವ್ವ ಬಿದ್ದು ಬಿದ್ದು ನಗುತ್ತಾರೆ. ಅವರು ಇವತ್ತಿನವರೆಗೂ ಒಂದು ಹನಿ ನುಂಗಿಲ್ಲ. ಅತ್ತೆ ಶಟ್ಟೆವ್ವ ಮಾತ್ರ ನಂಬುವುದಿಲ್ಲ. ದಿನಾ ಬಾಗಿಲಲ್ಲೇ ಬಾಯಿ ಮೂಸಿ ಒಳಗೆ ಬಿಡುತ್ತಾರಂತೆ.

"ಒಗರು ನಾಲಿಗಿ ಮ್ಯಾಲ ಕುಂತಿರಬೇಕ್ರಿ, ಗಂಟಲಾ ಹಿಡೀಬಾರದು" ಎನ್ನುವುದು ಅವರ ಲೆಕ್ಕ. ಬಾಟಲಿಯ ಮೇಲೆ ನಿಮ್ಮ ಹೆಸರು ಬೇಡವೇ ಎಂದು ಕೇಳಿದೆ. "ನಂದ್ಯಾಕ್ರಿ? ‘ಕಾಢಾ’ ಅಂತ ಬರದ್ರ ಸಾಕು. ನಮ್ಮವ್ವಗ ಮುಟ್ಟತೈತಿ."

ಬಿಸಿಲು ಏರುತ್ತದೆ. ಸುಂದರವ್ವ ಮತ್ತೆ ಏಣಿ ಹತ್ತಿ ಮುಕ್ಕಳಿಸುತ್ತಾರೆ, ಉಗುಳುತ್ತಾರೆ. ಕೆಳಗೆ ಎಲ್ಲರೂ ಮುಖ ಮೇಲೆತ್ತಿ ನಿಂತಿದ್ದಾರೆ.

"ಇವತ್ತ ಬ್ಯಾಡ್ರಿ. ಇನ್ನೊಂದ ದಿನ ಇರಲಿ."

ಹಣಮಂತಪ್ಪ ಆಳುಗಳನ್ನು ನಾಳೆ ಬರಲು ಹೇಳುತ್ತಾರೆ. ಕೆಡುತ್ತದೆಂಬ ಭಯವಿಲ್ಲವೇ ಎಂದು ನಾನು ಕೇಳುತ್ತೇನೆ. ಸುಂದರವ್ವ ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾರೆ.

"ಆವತ್ತ ಸಿಪ್ಪಿ ತಿಳೀಲಾರದ ಬಿಟ್ಟಿದ್ನಿರಿ. ಈಗ ತಿಳದ ಬಿಡತೇನಿ."